ಪಡಸಾಲೆಯ ದುಭಾಷಿ

ಈ ವರ್ಷದ ಆರಂಭದಲ್ಲಿ ಒಂದು ದಿನ ತರಗತಿ ಮುಗಿಸಿ, ಕೈಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ಒರೆಸಿಕೊಳ್ಳುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಹತ್ತಿರ ಬಂದು, “ಸರ್, 2025ರಲ್ಲಿ ನೀವು ನೋಡಿದ ಧಾರಾವಾಹಿಗಳಲ್ಲಿ ನಿಮಗೆ ಹಿಡಿಸಿದ್ದು ಯಾವುದು?” ಎಂದು ಕೇಳಿದ. ಅಂದು ನಾನು ಪಾಠ ಹೇಳಿದ್ದು ಪಂಪಭಾರತದ ಒಂದು ಪ್ರಸಂಗ. ಕರ್ಣನ ಮಾತಿನ ಗಾಂಭೀರ್ಯ ಇನ್ನೂ ಕಿವಿಯಲ್ಲಿ ನಿಂತಿದ್ದ ಹೊತ್ತಿನಲ್ಲಿ ಇಂಥ ಪ್ರಶ್ನೆ! “ನಾನು ಅವನ್ನೆಲ್ಲ ನೋಡುವುದಿಲ್ಲಪ್ಪ” ಎಂಬ ಉತ್ತರ ತುಟಿಯ ತನಕ ಬಂದಿತು. ಕನ್ನಡ ಅಧ್ಯಾಪಕರಾದವರು ಹೀಗೆ ಹೇಳುವುದು ರೂಢಿ. ಹೇಳಿದರೆ ಒಂದು ಬಗೆಯ ಗೌರವವೂ ಉಂಟು. ಆದರೆ ಅದು ಸುಳ್ಳಾಗುತ್ತಿತ್ತು. ಆ ವರ್ಷ ನಾನು ಧಾರಾವಾಹಿಗಳನ್ನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಅವುಗಳಿಂದ ಪಾಠ ಹೇಳಿಸಿಕೊಂಡೂ ಇದ್ದೇನೆ. ಹುಡುಗನಿಗೆ ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ. ಈ ಬರಹ ಆ ಬಾಕಿಯ ತೀರುವಳಿ.

ನಮ್ಮ ಮನೆಯಲ್ಲಿ ನಾವು ನಾಲ್ವರು: 72 ವರ್ಷದ ನನ್ನ ತಾಯಿ, ನನ್ನ ಹೆಂಡತಿ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗ, ನಾನು. ಸಂಜೆಯಾದರೆ ನಾಲ್ವರೂ ನಾಲ್ಕು ದಿಕ್ಕು. ತಾಯಿಗೆ ಕನ್ನಡ ಧಾರಾವಾಹಿ, ಹೆಂಡತಿಗೆ ಕಚೇರಿಯಿಂದ ತಂದ ಕೆಲಸ, ನನಗೆ ಉತ್ತರಪತ್ರಿಕೆಗಳ ಕಟ್ಟು, ಮಗನಿಗೆ ಮುಚ್ಚಿದ ಬಾಗಿಲ ಹಿಂದೆ ಅವನ ಫೋನು. ಇದನ್ನು ಕಂಡು ಬೇಸತ್ತ ನನ್ನ ಹೆಂಡತಿ ಸಂಕ್ರಾಂತಿಯ ಮರುದಿನ ಒಂದು ಕಟ್ಟಳೆ ಮಾಡಿದಳು. ರಾತ್ರಿ ಎಂಟೂವರೆಗೆ ಎಲ್ಲರ ಫೋನುಗಳೂ ಹೂವಿನ ಬುಟ್ಟಿಗೆ ಬೀಳಬೇಕು. ಒಂದು ಗಂಟೆ ಎಲ್ಲರೂ ಪಡಸಾಲೆಯಲ್ಲಿ ಕೂತು ಒಂದೇ ಕಥೆಯನ್ನು ನೋಡಬೇಕು. ಎಂಥ ಕಥೆ ಎಂಬುದನ್ನು ಸರದಿಯ ಪ್ರಕಾರ ಒಬ್ಬೊಬ್ಬರು ಆರಿಸಬೇಕು. ಒಬ್ಬರಿಗೆ ತಿಳಿಯದಿದ್ದರೆ ತಿಳಿದವರು ಹೇಳಬೇಕು. ಈ ಕೊನೆಯ ನಿಯಮದಿಂದಾಗಿ ನಾನು ಒಂದು ವರ್ಷ ಕಾಲ ನಮ್ಮ ಪಡಸಾಲೆಯ ದುಭಾಷಿಯಾದೆ.

ದುಭಾಷಿಯ ಕೆಲಸ ನಮ್ಮ ಊರುಗಳಿಗೆ ಹೊಸದಲ್ಲ. 1987ರಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ದೂರದರ್ಶನದಲ್ಲಿ ಬರತೊಡಗಿದಾಗ ನನಗೆ ಏಳು ವರ್ಷ. ನಮ್ಮ ಬೀದಿಗೆಲ್ಲ ಇದ್ದುದು ಒಂದೇ ಪೆಟ್ಟಿಗೆ. ಭಾನುವಾರ ಬೆಳಗ್ಗೆ ಆ ಮನೆಯ ಅಂಗಳದ ತನಕ ಜನ. ಮಾತೆಲ್ಲ ಹಿಂದಿ, ನೆರೆದ ಹೆಂಗಸರಿಗೆ ಹಿಂದಿಯ ಗಂಧವಿಲ್ಲ. ಶಾಲೆಯ ಹಿಂದಿ ಮೇಷ್ಟರು ಪೆಟ್ಟಿಗೆಯ ಪಕ್ಕದಲ್ಲೇ ಒಂದು ಮಣೆ ಹಾಕಿಸಿಕೊಂಡು ಕೂತು, ದಶರಥನ ಮಾತನ್ನೂ ಕೈಕೇಯಿಯ ಮಾತನ್ನೂ ಕನ್ನಡಕ್ಕೆ ತಿರುಗಿಸಿ ಕೂಗಿ ಹೇಳುತ್ತಿದ್ದರು. ಕಥೆ ಯಾರಿಗೆ ಗೊತ್ತಿರಲಿಲ್ಲ? ಆದರೂ ಮಾತು ಬೇಕಾಗಿತ್ತು. ಕುಮಾರವ್ಯಾಸನ ಭಾರತವನ್ನು ಗಮಕಿಗಳು ಓದಿದ ಮೇಲೆ ವ್ಯಾಖ್ಯಾನಕಾರರ ಮಾತಿಗಾಗಿ ಕಾಯುವ ಜನವಲ್ಲವೆ ನಮ್ಮದು? ಮೇಷ್ಟರು ಕೆಲವು ಕಡೆ ತಮ್ಮದನ್ನೂ ಸೇರಿಸುತ್ತಿದ್ದರೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ನನಗೇ ಹಿಂದಿ ಬಂದಾಗ.

*

ಮೊದಲ ಸರದಿ ನನ್ನದು. ನಾನು ಆರಿಸಿದ್ದು ‘ಶೋಗುನ್’. 2024ರಲ್ಲಿ ಹೊರಬಂದ ಹತ್ತು ಕಂತುಗಳ ಕಥೆ. ಜೇಮ್ಸ್ ಕ್ಲಾವೆಲ್ 1975ರಲ್ಲಿ ಪ್ರಕಟಿಸಿದ ದೊಡ್ಡ ಕಾದಂಬರಿ ಇದರ ಮೂಲ. 1600ನೆಯ ಇಸವಿಯಲ್ಲಿ ಡಚ್ಚರ ಹಡಗೊಂದು ದಿಕ್ಕೆಟ್ಟು ಜಪಾನಿನ ತೀರಕ್ಕೆ ಬಂದು ತಗಲುತ್ತದೆ. ಅದರ ಚುಕ್ಕಾಣಿ ಹಿಡಿದವನು ಇಂಗ್ಲಿಷಿನವನಾದ ಬ್ಲ್ಯಾಕ್‌ಥಾರ್ನ್. ಆ ನಾಡಿನಲ್ಲಿ ಆಗ ಅಧಿಕಾರಕ್ಕಾಗಿ ಐವರು ಸಾಮಂತರ ನಡುವೆ ಒಳಜಗಳ. ಅವರಲ್ಲಿ ಒಬ್ಬ ತೊರಾನಾಗ. ಚರಿತ್ರೆ ಬಲ್ಲವರು ಇವನಲ್ಲಿ ತೊಕುಗಾವಾ ಇಯೆಯಾಸುವನ್ನೂ, ನಾವಿಕನಲ್ಲಿ ವಿಲಿಯಂ ಆಡಮ್ಸ್ ಎಂಬುವನನ್ನೂ ಗುರುತಿಸುತ್ತಾರೆ. ಇವರಿಬ್ಬರ ನಡುವೆ ಕೂತು ಮಾತನ್ನು ದಾಟಿಸುವವಳು ಮರಿಕೊ ಎಂಬ ಕುಲೀನೆ. ಕಥೆಯ ನಾಯಕ ಯಾರು ಎಂದು ಕೇಳಿದರೆ ನಾನು ಸಾಮಂತನನ್ನೂ ನಾವಿಕನನ್ನೂ ಬಿಟ್ಟು ಈ ದುಭಾಷಿ ಹೆಂಗಸನ್ನೇ ಹೇಳುತ್ತೇನೆ.

ಈ ಕಥೆ 1980ರಲ್ಲಿಯೂ ಒಮ್ಮೆ ದೂರದರ್ಶನಕ್ಕೆ ಬಂದಿತ್ತು. ಆಗ ಜಪಾನಿ ಮಾತುಗಳ ಬಹುಪಾಲಿಗೆ ಅರ್ಥ ಕೊಟ್ಟಿರಲಿಲ್ಲ. ನಾವಿಕನಿಗೆ ತಿಳಿಯದ್ದು ನೋಡುವವನಿಗೂ ತಿಳಿಯಬೇಕಾಗಿಲ್ಲ ಎಂಬುದು ಅಂದಿನ ತರ್ಕ. 2024ರ ಕೃತಿಯಲ್ಲಿ ಮಾತಿನ ಹೆಚ್ಚಿನ ಭಾಗ ಜಪಾನಿಯಲ್ಲೇ ಇದೆ, ಕೆಳಗೆ ಅಡಿಬರಹವಿದೆ. ರೇಚಲ್ ಕೊಂಡೊ ಮತ್ತು ಜಸ್ಟಿನ್ ಮಾರ್ಕ್ಸ್ ದಂಪತಿಗಳು ಇದನ್ನು ಸಿದ್ಧಪಡಿಸಿದ ರೀತಿ ಭಾಷೆಯ ಅಧ್ಯಾಪಕನಿಗೆ ರೋಮಾಂಚನ ತರುವಂಥದು. ಮೊದಲು ಇಂಗ್ಲಿಷಿನಲ್ಲಿ ಬರೆದರು. ಅದನ್ನು ಜಪಾನಿಗೆ ಅನುವಾದಿಸಿದರು. ಆ ಜಪಾನಿಯನ್ನು ನಾಟಕ ಬಲ್ಲವರೊಬ್ಬರು ಹಳೆಯ ಕಾಲದ ನುಡಿಗೆ ಒಗ್ಗಿಸಿದರು. ಹಾಗೆ ಒಗ್ಗಿದ್ದನ್ನು ಅಡಿಬರಹಕ್ಕಾಗಿ ಮತ್ತೆ ಇಂಗ್ಲಿಷಿಗೆ ತಂದರು. ಅದನ್ನು ನಾನು ನಮ್ಮ ಪಡಸಾಲೆಯಲ್ಲಿ ಇನ್ನೊಮ್ಮೆ ಕನ್ನಡಕ್ಕೆ ತಿರುಗಿಸಿದೆ. ಇಷ್ಟು ಕೈ ದಾಟಿ ಬಂದ ಮಾತಿನಲ್ಲಿ ಇನ್ನೇನು ಉಳಿದೀತು ಎಂದುಕೊಂಡಿದ್ದೆ.

ಎರಡನೆಯ ರಾತ್ರಿಯೇ ತಾಯಿ ನನ್ನನ್ನು ತಡೆದರು. ಮರಿಕೊ ತನ್ನ ಒಡೆಯನ ಮುಂದೆ ಹಣೆ ನೆಲಕ್ಕೆ ತಾಗುವಂತೆ ಬಾಗಿ ಏನನ್ನೋ ಅರಿಕೆ ಮಾಡುತ್ತಿದ್ದಳು. ಅಡಿಬರಹದ ಇಂಗ್ಲಿಷನ್ನು ನಾನು ಅವಸರದಲ್ಲಿ, “ನೀನು ಹೇಳಿದಂತೆ ಮಾಡುತ್ತೇನೆ” ಎಂದು ತಿರುಗಿಸಿದೆ.

“ಅಷ್ಟು ತಲೆ ತಗ್ಗಿಸಿದವಳು ‘ನೀನು’ ಅನ್ನುತ್ತಾಳೇನೋ? ‘ತಾವು’ ಅನ್ನು” ಎಂದರು ತಾಯಿ.

ಇಂಗ್ಲಿಷಿನ ಒಂದೇ ಸರ್ವನಾಮದಲ್ಲಿ ಎಲ್ಲ ಅಂತರಗಳೂ ಅಳಿಸಿಹೋಗಿದ್ದವು. ಜಪಾನಿಯ ಒಂದಕ್ಷರವನ್ನೂ ಅರಿಯದ ನನ್ನ ತಾಯಿ, ಬೆನ್ನು ಬಾಗಿದ ರೀತಿಯನ್ನು ಓದಿ, ಇಂಗ್ಲಿಷು ಕಳೆದದ್ದನ್ನು ಕನ್ನಡಕ್ಕೆ ಮರಳಿ ತಂದುಕೊಟ್ಟರು. ಅಂದಿನಿಂದ ನಾನು ಅಡಿಬರಹವನ್ನು ಮಾತ್ರ ನೋಡದೆ ಆಡುವವರ ಮುಖವನ್ನೂ ನೋಡಿ ಅನುವಾದಿಸತೊಡಗಿದೆ. ಹಿರೋಯುಕಿ ಸನಾಡಾ ಅವರ ತೊರಾನಾಗ ಹುಬ್ಬನ್ನು ಸಹ ಲೆಕ್ಕವಿಟ್ಟು ಚಲಿಸುವ ಮನುಷ್ಯ. ಅನ್ನಾ ಸವಾಯ್ ಅವರ ಮರಿಕೊಗೆ ಮೌನವೇ ಮಾತೃಭಾಷೆ.

ದುಭಾಷಿಯ ಕಷ್ಟವನ್ನು ಈ ಕಥೆ ಬಹಳ ಸೂಕ್ಷ್ಮವಾಗಿ ಬಲ್ಲದು. ನಾವಿಕನ ಪಾಲಿಗೆ ಬಂದ ಮೊದಲ ದುಭಾಷಿಗಳು ಪೋರ್ಚುಗೀಸ್ ಪಾದ್ರಿಗಳು, ಅವನ ಮತಕ್ಕೂ ದೇಶಕ್ಕೂ ಶತ್ರುಗಳು. ನನ್ನ ಮಾತನ್ನು ಇವರು ಏನೆಂದು ತಿರುಗಿಸಿಯಾರು ಎಂಬ ಸಂಶಯದಲ್ಲೇ ಅವನು ಬಾಯಿ ತೆರೆಯಬೇಕು. ಮರಿಕೊ ಬಂದ ಮೇಲೆ ತೊಡಕು ಬೇರೆ ತೆರನಾಯಿತು. ಅವಳು ಮೋಸ ಮಾಡುವವಳಲ್ಲ. ಆದರೆ ಅವನ ಒರಟು ಮಾತಿನ ಮೊನೆಯನ್ನು ಅಲ್ಲಲ್ಲಿ ಮೊಂಡು ಮಾಡಿ ಒಪ್ಪಿಸುತ್ತಾಳೆ. ಅವಳ ಗಂಡನೂ ನಾವಿಕನೂ ಎದುರುಬದುರು ಕೂತು ಹಟಕ್ಕೆ ಬಿದ್ದು ಕುಡಿಯುವ ಒಂದು ರಾತ್ರಿಯುಂಟು. ಇಬ್ಬರ ನಡುವಿನ ವಿಷವೂ ಅವಳ ನಾಲಿಗೆಯ ಮೇಲೆಯೇ ದಾಟಬೇಕು. ಅದನ್ನು ನೋಡುತ್ತ ನನ್ನ ಹೆಂಡತಿ ಮೆಲ್ಲನೆ, “ಅತ್ತೆಗೂ ನಿಮಗೂ ನಡುವೆ ನಾನು ಮಾಡುವ ಕೆಲಸ ಇದೇ” ಎಂದಳು. ಆ ಮಾತನ್ನು ನಾನು ತಾಯಿಗೆ ಅನುವಾದಿಸಲಿಲ್ಲ.

ಇಲ್ಲಿ ಒಂದು ಹಳೆಯ ಚರ್ಚೆ ನೆನಪಾಗುತ್ತದೆ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸಬಾರದೆಂಬ ಹೋರಾಟ 1960ರ ದಶಕದಲ್ಲಿ ಹುಟ್ಟಿದ್ದು. ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಲ್ಲಲು ಅಂದು ಅದು ಆಸರೆಯಾಯಿತು. ಕಟ್ಟಳೆಯಾಗಿ ಬರೆದಿರದಿದ್ದರೂ ಆ ನಿಷೇಧ ದಶಕಗಳ ಕಾಲ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದಕ್ಕೆ ವಿರುದ್ಧವಾದ ತೀರ್ಪು ಕೊಟ್ಟಿತು. 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡದ ಮಾತಿನೊಡನೆ ಮನೆಮನೆಗೆ ಬಂದಿತು. ನನ್ನ ತಾಯಿ ಅದನ್ನು ಒಂದು ಕಂತೂ ತಪ್ಪದೆ ನೋಡಿದರು. ವಿದ್ಯಾರ್ಥಿಯಾಗಿದ್ದಾಗ ನಾನೂ ಮಾತುಜೋಡಣೆಯ ವಿರೋಧಿ. ಈಗಲೂ ಒಬ್ಬ ನಟನ ಬಾಯಿಗೆ ಮತ್ತೊಬ್ಬನ ದನಿಯನ್ನು ಹೊಲಿಯುವುದು ನನಗೆ ಅಷ್ಟಾಗಿ ಹಿಡಿಸದು. ಆದರೆ ತಾಯಿಯ ಪಕ್ಕದಲ್ಲಿ ಕೂತು ಹತ್ತು ರಾತ್ರಿ ಗಂಟಲು ಒಣಗಿಸಿಕೊಂಡ ಮೇಲೆ ಒಂದು ಮಾತನ್ನು ಹೇಳಲೇಬೇಕು. ಲೋಕದ ಒಳ್ಳೆಯ ಕಥೆಗಳು ಕನ್ನಡ ಮಾತ್ರ ಬಲ್ಲವರಿಗೆ ದಕ್ಕಬಾರದೆಂದರೆ ಅದು ಭಾಷಾಪ್ರೇಮವಾಗದು. ಕೆಳಗೆ ಕನ್ನಡದ ಅಕ್ಷರವಿದ್ದಿದ್ದರೆ ನನ್ನ ತಾಯಿಗೆ ನಾನು ಬೇಕಾಗುತ್ತಿರಲಿಲ್ಲ. ಜಪಾನಿ ಮಾತು ತುಂಬಿದ ಈ ಕೃತಿಗೆ 2024ರಲ್ಲಿ ಅಮೆರಿಕದ ಎಮ್ಮಿ ಪ್ರಶಸ್ತಿಗಳು ಒಂದೇ ವರ್ಷ 18 ಬಂದವು. ಓದಿ ನೋಡುವ ಶ್ರಮಕ್ಕೆ ಅಲ್ಲಿಯ ಜನ ಹಿಂಜರಿಯಲಿಲ್ಲ, ನಮ್ಮವರೂ ಹಿಂಜರಿಯಲಾರರು.

*

ಹೆಂಡತಿಯ ಸರದಿಯಲ್ಲಿ ‘ಪಂಚಾಯತ್’ ಬಂತು. 2020ರಲ್ಲಿ ಆರಂಭವಾದ ಹಿಂದಿ ಧಾರಾವಾಹಿ. ನಾಲ್ಕನೆಯ ಭಾಗ 2025ರ ಜೂನ್ ತಿಂಗಳಲ್ಲಿ ಹೊರಬಂತು. ಫುಲೇರಾ ಎಂಬ ಹಳ್ಳಿಯ ಪಂಚಾಯತಿಗೆ ಕಾರ್ಯದರ್ಶಿಯಾಗಿ ಬಂದ ಪಟ್ಟಣದ ತರುಣ, ಹೆಸರಿಗೆ ಪ್ರಧಾನಳಾಗಿದ್ದು ಕ್ರಮೇಣ ನಿಜಕ್ಕೂ ಪ್ರಧಾನಳಾಗುವ ಮಂಜುದೇವಿ, ಅವಳ ಗಂಡ, ಮಗನನ್ನು ಸೈನ್ಯದಲ್ಲಿ ಕಳೆದುಕೊಂಡ ಪ್ರಹ್ಲಾದ. ನಾಲ್ಕನೆಯ ಭಾಗದ ತುಂಬ ಚುನಾವಣೆ. ಒಬ್ಬಳ ಗುರುತು ಸೋರೆಕಾಯಿ, ಇನ್ನೊಬ್ಬಳದು ಕುಕ್ಕರ್. ಇದಕ್ಕೆ ದುಭಾಷಿ ಬೇಕಾಗಲಿಲ್ಲ. ತಮ್ಮ ಊರಿನ ಪಂಚಾಯತಿ ಚುನಾವಣೆಗಳನ್ನು ಕಂಡ ತಾಯಿ, ಎರಡನೆಯ ಕಂತಿನ ಹೊತ್ತಿಗೆ, ಯಾರು ಯಾರ ಮನೆಗೆ ಏಕೆ ಹೋಗುತ್ತಿದ್ದಾರೆಂದು ನನಗೇ ವಿವರಿಸತೊಡಗಿದರು. ಹಿಂದಿನ ಭಾಗಗಳಷ್ಟು ಹದ ಇದರಲ್ಲಿಲ್ಲ, ನಿಜ. ಸೋರೆಕಾಯಿಯ ಹಾಸ್ಯವನ್ನು ಬೇಕಾದ್ದಕ್ಕಿಂತ ಹೆಚ್ಚು ಕುದಿಸಿದ್ದಾರೆ. ಆದರೂ ನಮ್ಮ ಪಡಸಾಲೆಯಲ್ಲಿ ನಾಲ್ವರೂ ಒಂದೇ ಗಳಿಗೆಯಲ್ಲಿ ನಕ್ಕದ್ದು ಬಹುಶಃ ಅದೇ ವರ್ಷಕ್ಕೆ ಮೊದಲು.

*

ಮತ್ತೆ ನನ್ನ ಸರದಿ ಬಂದಾಗ ‘ಒಂದು ನೂರು ವರ್ಷಗಳ ಏಕಾಂತ’ವನ್ನು ಆರಿಸಿದೆ. ಗ್ಯಾಬ್ರಿಯಲ್ ಗಾರ್ಸಿಯಾ ಮಾರ್ಕೆಜ್ ಅವರ ಈ ಕಾದಂಬರಿ ಪ್ರಕಟವಾದದ್ದು 1967ರಲ್ಲಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹೊರಬಂದದ್ದೂ ಅದೇ ವರ್ಷವೆಂಬುದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ತಮ್ಮ ಕಾದಂಬರಿ ಚಿತ್ರವಾಗುವುದಕ್ಕೆ ಮಾರ್ಕೆಜ್ ಜೀವಮಾನದಲ್ಲಿ ಒಪ್ಪಲಿಲ್ಲ. ಎರಡು ಮೂರು ಗಂಟೆಯ ಚಿತ್ರದಲ್ಲಿ ಅದು ಹಿಡಿಸದು, ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಅದು ನಿಲ್ಲದು ಎಂಬುದು ಅವರ ಆತಂಕ. ಅವರು 2014ರಲ್ಲಿ ತೀರಿಕೊಂಡರು. ಮುಂದೆ ಅವರ ಮಕ್ಕಳು ಒಪ್ಪಿಗೆ ಕೊಟ್ಟಾಗ, ಕೊಲಂಬಿಯದಲ್ಲಿಯೇ, ಸ್ಪ್ಯಾನಿಷಿನಲ್ಲಿಯೇ, 16 ಕಂತುಗಳಲ್ಲಿ ಎಂದು ಗೊತ್ತಾಯಿತು. ಮೊದಲ ಎಂಟು 2024ರ ಡಿಸೆಂಬರಿನಲ್ಲಿ ಬಂದವು. ನಾವು ನೋಡಿದ್ದು ಆ ಎಂಟನ್ನು.

ಕಾದಂಬರಿಯನ್ನು ಓದಿದವರಿಗೆ ಒಂದು ಸಣ್ಣ ನಿರಾಶೆ ತಪ್ಪದು. ಮಾರ್ಕೆಜ್ ಅವರ ಅದ್ಭುತವೆಲ್ಲ ಅವರ ವಾಕ್ಯದ ನಿರ್ವಿಕಾರದಲ್ಲಿದೆ. ಅಜ್ಜಿ ಅಡುಗೆಯ ಉಪ್ಪಿನ ವಿಷಯ ಹೇಳಿದಷ್ಟೇ ಸಹಜವಾಗಿ ಅವರು ಭೂತದ ವಿಷಯ ಹೇಳುತ್ತಾರೆ. ತೆರೆಯ ಮೇಲೆ ಬಂದಾಗ ಅದು ಕಣ್ಣಿಗೆ ಬೆರಗಾಗಿ ನಿಲ್ಲುತ್ತದೆ. ಬೆರಗಾದದ್ದರಿಂದಲೇ ಸ್ವಲ್ಪ ದೂರವಾಗುತ್ತದೆ. ಆದರೂ ಮಕೊಂಡೊ ಎಂಬ ಆ ಊರು, ಆ ಮನೆ, ಕಟ್ಟಿ ಬೆಳೆಸಿ ಗೋಡೆಗೆ ಸುಣ್ಣ ಬಳಿಸುತ್ತಲೇ ಇರುವ ಉರ್ಸುಲಾ ಎಂಬ ಗೃಹಿಣಿ, ಇವೆಲ್ಲ ನಮ್ಮ ಯಾವುದೋ ಹಳೆಯ ತೊಟ್ಟಿಮನೆಯ ಸಂಗತಿಗಳಂತೆ ಹತ್ತಿರವಾದವು.

ಈ ಕಥೆಯಲ್ಲಿ ಊರಿಗೆಲ್ಲ ನಿದ್ರೆ ಹಾರಿಹೋಗುವ ಒಂದು ರೋಗ ಬರುತ್ತದೆ. ನಿದ್ರೆ ಹೋಗುವುದು ಅಷ್ಟು ದೊಡ್ಡದಲ್ಲ. ಅದರ ಬೆನ್ನಿಗೆ ನೆನಪು ಹೋಗುತ್ತದೆ. ವಸ್ತುಗಳ ಹೆಸರು ಮರೆಯುತ್ತದೆ, ಆಮೇಲೆ ಅವುಗಳ ಉಪಯೋಗ ಮರೆಯುತ್ತದೆ. ಆಗ ಮನೆಯ ಯಜಮಾನ ಕುಂಚ ಹಿಡಿದು ಮೇಜಿಗೆ ಮೇಜೆಂದೂ ಗೋಡೆಗೆ ಗೋಡೆಯೆಂದೂ ಹೆಸರು ಬರೆಯುತ್ತಾನೆ. ಹಸುವಿನ ಕೊರಳಿಗೆ ಅದು ಹಸುವೆಂದೂ ಅದನ್ನು ಕರೆಯಬೇಕೆಂದೂ ಬರೆದ ಹಲಗೆ ಕಟ್ಟುತ್ತಾನೆ. ನಾನು ಅದನ್ನು ಕನ್ನಡದಲ್ಲಿ ಹೇಳುತ್ತ ಹೇಳುತ್ತ ತಾಯಿಯ ಕಡೆ ತಿರುಗಿದೆ. ಅವರು ತೆರೆಯನ್ನು ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

ಕೆಲವು ತಿಂಗಳಿಂದ ತಾಯಿಗೆ ಹೆಸರುಗಳು ತಪ್ಪತೊಡಗಿದ್ದವು. ಸಾಸಿವೆಯ ಡಬ್ಬಿಗಾಗಿ ನಾಲ್ಕು ಡಬ್ಬಿ ತೆರೆಯುವರು. ಪಕ್ಕದ ಮನೆಯವರ ಹೆಸರಿಗೆ ತಡಕಾಡುವರು. ನಮಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಯಾರೂ ಆಡಿರಲಿಲ್ಲ. ಮರುದಿನ ಬೆಳಗ್ಗೆ ಅಡುಗೆಮನೆಗೆ ಹೋದರೆ ಡಬ್ಬಿಗಳಿಗೆಲ್ಲ ಬಿಳಿಯ ಚೀಟಿ ಅಂಟಿಕೊಂಡಿತ್ತು. ಸಾಸಿವೆ, ಜೀರಿಗೆ, ಮೆಂತ್ಯ, ಕಡಲೆಬೇಳೆ. ಬರೆದವನು ನನ್ನ ಮಗ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಅವನ ಕನ್ನಡದ ಅಕ್ಷರ ಕೋಳಿ ಕೆದಕಿದಂತೆ. ಒಂದು ಡಬ್ಬಿಯ ಮೇಲೆ ‘ಉದಿನಬೇಳೆ’ ಎಂದಿತ್ತು. ತಾಯಿ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಮೊಮ್ಮಗನನ್ನು ಕೂಗಿ, “ದಕಾರಕ್ಕೆ ಒತ್ತು ಎಲ್ಲೋ? ಒತ್ತಿಲ್ಲದೆ ಬೇಳೆ ಬೇಯುತ್ತದೇನೋ?” ಎಂದರು. ಅವನು ಪೆನ್ನು ತಂದು ಒತ್ತು ಹಾಕಿದ. ಇಬ್ಬರೂ ನಕ್ಕರು. ಆಡದೆ ಇಟ್ಟಿದ್ದ ಮಾತು ಅಂದು ನಮ್ಮ ಮನೆಯಲ್ಲಿ ಆಡುವ ಮಾತಾಯಿತು. ವೈದ್ಯರಲ್ಲಿಗೆ ಹೋಗೋಣವೆಂದು ತಾಯಿಯೇ ಹೇಳಿದರು.

*

ಕೊನೆಯದಾಗಿ ಮಗನ ಸರದಿ. ಅವನು ‘ಅಡಾಲೆಸೆನ್ಸ್’ ಎಂದ. ಹರೆಯ ಎಂದು ಅರ್ಥ. ಬ್ರಿಟನ್ನಿನಲ್ಲಿ ತಯಾರಾಗಿ 2025ರ ಮಾರ್ಚಿಯಲ್ಲಿ ಹೊರಬಂದ, ಬರಿಯ ನಾಲ್ಕು ಕಂತುಗಳ ಕಥೆ. ಬರೆದವರು ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರೇಹಮ್. ನಿರ್ದೇಶಿಸಿದವರು ಫಿಲಿಪ್ ಬ್ಯಾರಂಟಿನಿ. ಪ್ರತಿಯೊಂದು ಕಂತೂ ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರಿನಲ್ಲಿ ಚಿತ್ರಿತವಾದದ್ದು, ನಡುವೆ ಎಲ್ಲಿಯೂ ಕತ್ತರಿ ಆಡಿಲ್ಲ. ನಮ್ಮ ಬಯಲಾಟದ ಹಾಗೆ. ಇದು ಬರಿಯ ಚಮತ್ಕಾರವಲ್ಲ. ಕತ್ತರಿ ಬಿದ್ದರೆ ನೋಡುವವನಿಗೆ ಕಣ್ಣು ಹೊರಳಿಸಲು ಒಂದು ಎಡೆ ಸಿಕ್ಕುತ್ತದೆ. ಇಲ್ಲಿ ಆ ಎಡೆಯಿಲ್ಲ.

ಒಂದು ಮುಂಜಾವ ಪೋಲೀಸರು ಸಾಮಾನ್ಯ ಕುಟುಂಬವೊಂದರ ಬಾಗಿಲು ಒಡೆದು ಒಳನುಗ್ಗಿ ಜೇಮಿ ಎಂಬ 13 ವರ್ಷದ ಹುಡುಗನನ್ನು ಹಿಡಿದೊಯ್ಯುತ್ತಾರೆ. ಸಹಪಾಠಿ ಹುಡುಗಿಯನ್ನು ಕೊಂದನೆಂಬ ಆರೋಪ. ಕೊಂದದ್ದು ನಿಜವೇ ಎಂಬ ಕುತೂಹಲವನ್ನು ಮೊದಲ ಕಂತಿನ ಕೊನೆಯಲ್ಲೇ ತೀರಿಸಿಬಿಡುತ್ತಾರೆ. ಉಳಿಯುವುದು ಏಕೆ ಎಂಬ ಪ್ರಶ್ನೆ. ಮೂರನೆಯ ಕಂತಿನಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬಳು ಹುಡುಗನೊಡನೆ ಒಂದು ಕೋಣೆಯಲ್ಲಿ ಕೂತು ಮಾತಾಡುತ್ತಾಳೆ, ಅಷ್ಟೆ. ಮಗುವಿನ ಮುಖದಿಂದ ಕ್ರೌರ್ಯವೂ ಕ್ರೌರ್ಯದಿಂದ ಮತ್ತೆ ಮಗುವೂ ಹೊರಬರುವುದನ್ನು ಆ ಒಂದು ಗಂಟೆ ತೋರಿಸುತ್ತದೆ. ಆ ಪಾತ್ರ ಮಾಡಿದ ಓವೆನ್ ಕೂಪರ್ ಎಂಬ ಬಾಲಕನಿಗೆ 15ನೆಯ ವಯಸ್ಸಿನಲ್ಲಿ ಎಮ್ಮಿ ಪ್ರಶಸ್ತಿ ಬಂದಿತು. ಬ್ರಿಟನ್ನಿನ ಪ್ರೌಢಶಾಲೆಗಳಲ್ಲಿ ಇದನ್ನು ಉಚಿತವಾಗಿ ತೋರಿಸುವ ಏರ್ಪಾಡೂ ಆಯಿತು.

ಆದರೆ ನನಗೆ ಮರೆಯಲಾಗದ್ದು ಎರಡನೆಯ ಕಂತು. ಅದು ನಡೆಯುವುದು ಶಾಲೆಯಲ್ಲಿ. ಪತ್ತೆದಾರ ಅಧಿಕಾರಿ ತರಗತಿಯಿಂದ ತರಗತಿಗೆ ಅಲೆಯುತ್ತಾನೆ. ಮಕ್ಕಳು ಒಬ್ಬರೂ ಹಿಡಿಗೆ ಸಿಕ್ಕುವುದಿಲ್ಲ. ಸತ್ತ ಹುಡುಗಿ ಜೇಮಿಯ ಚಿತ್ರಗಳ ಕೆಳಗೆ ಹಾಕಿದ್ದ ಗುರುತುಗಳನ್ನು ನೋಡಿ, ಇವರಿಬ್ಬರೂ ಸ್ನೇಹಿತರೆಂದು ಅವನು ತಿಳಿದಿದ್ದಾನೆ. ಅದೇ ಶಾಲೆಯಲ್ಲಿ ಓದುತ್ತಿರುವ ಅವನ ಸ್ವಂತ ಮಗನಿಗೆ ತಂದೆಯ ಪಾಡು ನೋಡಲಾಗದು. ತಂದೆಯನ್ನು ಒಂದು ಕಡೆಗೆ ಕರೆದು ಹೇಳುತ್ತಾನೆ: ಅವು ಸ್ನೇಹದ ಗುರುತುಗಳಲ್ಲ, ಹೀಯಾಳಿಕೆಯವು. ಹೃದಯದ ಚಿತ್ರ ಒಂದೊಂದು ಬಣ್ಣದಲ್ಲಿ ಒಂದೊಂದು ಅರ್ಥ. ಗುಳಿಗೆಯ ಚಿತ್ರಕ್ಕೆ ಒಂದು ಅರ್ಥ, ನೂರು ಎಂಬ ಅಂಕಿಗೆ ಇನ್ನೊಂದು. ಇಷ್ಟು ದಿನ ಓದಿದ್ದನ್ನು ಅಧಿಕಾರಿ ಮೊದಲಿನಿಂದ ಓದಬೇಕಾಗುತ್ತದೆ. ತಂದೆಗೆ ಮಗ ದುಭಾಷಿಯಾಗುತ್ತಾನೆ.

ಇಲ್ಲಿಗೆ ಬರುವ ತನಕ ಅನುವಾದಿಸುತ್ತಿದ್ದ ನಾನು ಬಾಯಿ ಮುಚ್ಚಿದೆ. ತಾಯಿ, “ಏನಂತೋ ಅದು? ಹೇಳೋ” ಎಂದರು. ನನಗೆ ತಿಳಿದಿದ್ದರಲ್ಲವೆ ಹೇಳುವುದು? ಆಗ ಮಗ ನನ್ನ ಜಾಗಕ್ಕೆ ಸರಿದು ಕೂತು, ತನ್ನ ಹರಕು ಕನ್ನಡದಲ್ಲಿ, ಅಜ್ಜಿಗೆ ಒಂದೊಂದಾಗಿ ಬಿಡಿಸಿ ಹೇಳಿದ. ಅಜ್ಜಿಗೆ ಹೇಳುವ ನೆಪದಲ್ಲಿ ನನಗೂ ಹೇಳಿದ.

ಇಪ್ಪತ್ತು ವರ್ಷದಿಂದ ನಾನು ಕಾವ್ಯಮೀಮಾಂಸೆ ಬೋಧಿಸುತ್ತಿದ್ದೇನೆ. ವಾಚ್ಯಾರ್ಥವೊಂದು, ವ್ಯಂಗ್ಯಾರ್ಥವೊಂದು, ಸಹೃದಯನಾದವನು ಎರಡನೆಯದನ್ನು ಹಿಡಿಯಬೇಕು ಎಂದು ಆನಂದವರ್ಧನನ ಹೆಸರು ಹೇಳಿ ವಿವರಿಸುತ್ತೇನೆ. ನನ್ನ ಮನೆಯ ಮುಚ್ಚಿದ ಬಾಗಿಲಿನ ಹಿಂದೆ ವ್ಯಂಗ್ಯಾರ್ಥದ ಒಂದು ಇಡೀ ಭಾಷೆ ನಡೆಯುತ್ತಿತ್ತು. ಅದರ ವಾಚ್ಯವೂ ನನಗೆ ತಿಳಿದಿರಲಿಲ್ಲ. ಅಂದು ರಾತ್ರಿ ಮಗ ನಗುತ್ತ ಹೇಳಿದ: ಅವನ ಸಂದೇಶಗಳಿಗೆಲ್ಲ ನಾನು ಎತ್ತಿದ ಹೆಬ್ಬೆರಳಿನ ಚಿತ್ರವನ್ನು ಒತ್ತಿ ಕಳಿಸುತ್ತಿದ್ದೆನಲ್ಲ, ಅವನ ವಯಸ್ಸಿನವರಲ್ಲಿ ಅದಕ್ಕೆ “ಸಾಕು, ತಲೆ ತಿನ್ನಬೇಡ” ಎಂಬ ಧ್ವನಿಯಂತೆ. ಎರಡು ವರ್ಷ ನಾನು ಅವನಿಗೆ ಒಪ್ಪಿಗೆಯೆಂದು ಕಳಿಸಿದ್ದು ಅವನಿಗೆ ತಿರಸ್ಕಾರವಾಗಿ ತಲುಪಿತ್ತು.

ಆಮೇಲೆ ನಗು ನಿಂತಿತು. ಅವನ ತರಗತಿಯ ಹುಡುಗರ ಗುಂಪಿನಲ್ಲಿ ಒಬ್ಬ ಹುಡುಗನಿದ್ದಾನೆ, ಅವನು ಏನೇ ಬರೆದರೂ ಕೆಳಗೆ ಆಮೆಯ ಚಿತ್ರಗಳು ಬೀಳುತ್ತವೆ ಎಂದ. ಆ ಹುಡುಗನಿಗೆ ಮಾತು ತಡೆಯುತ್ತದೆ. ಮಾತನಾಡುವಾಗ ತಡೆಯುತ್ತದೆಂದು ಬರೆಯುತ್ತಿದ್ದ; ಈಗ ಬರೆಯುವುದನ್ನೂ ಬಿಟ್ಟಿದ್ದಾನೆ, ಆಟಕ್ಕೂ ಬರುವುದಿಲ್ಲ. ನೋಡುವವರಿಗೆ ಅದು ಒಂದು ಆಮೆ, ಅಷ್ಟೆ. ಯಾವ ಉಪಾಧ್ಯಾಯರು ನೋಡಿದರೂ ಮಕ್ಕಳಾಟವೆಂದುಕೊಳ್ಳುತ್ತಾರೆ. “ಹಾಕುವವರು ಯಾರು?” ಎಂದು ಕೇಳಬೇಕೆನ್ನಿಸಿತು. ಕೇಳಿದರೆ ಅಧ್ಯಾಪಕನ ದನಿ ಬಂದುಬಿಡುತ್ತದೆಂದು ಸುಮ್ಮನಾದೆ. ಮನೆಯಲ್ಲಿ ಎಲ್ಲರೂ ಮಲಗಿದರು.

ನಾಲ್ಕನೆಯ ಕಂತಿನಲ್ಲಿ ಜೇಮಿಯ ತಂದೆತಾಯಿ ತಮ್ಮ ಕೋಣೆಯಲ್ಲಿ ಕೂತು, ನಾವು ಎಲ್ಲಿ ತಪ್ಪಿದೆವು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಅವರು ಕೆಟ್ಟವರಲ್ಲ. ತಂದೆ ತನ್ನ ಬಾಲ್ಯದಲ್ಲಿ ತಿಂದ ಪೆಟ್ಟನ್ನು ಮಗನಿಗೆ ಕೊಡಲಿಲ್ಲ. ಹುಡುಗ ತನ್ನ ಕೋಣೆಯಲ್ಲಿದ್ದಾನೆ, ಬೀದಿಯಲ್ಲಿಲ್ಲ, ಆದ್ದರಿಂದ ಕ್ಷೇಮವಾಗಿದ್ದಾನೆ ಎಂದು ನಂಬಿದ್ದರು. ಆ ನಂಬಿಕೆ ನಮ್ಮದೂ ಆಗಿತ್ತು. ಸ್ಟೀಫನ್ ಗ್ರೇಹಮ್ ಅವರೇ ನಟಿಸಿದ ಆ ತಂದೆ ಕೊನೆಗೆ ಮಗನ ಬರಿದಾದ ಕೋಣೆಗೆ ಹೋಗಿ, ಅವನ ಹಾಸಿಗೆಯ ಮೇಲಿನ ಕರಡಿ ಬೊಂಬೆಗೆ ಹೊದಿಕೆ ಹೊದಿಸುತ್ತಾನೆ. ನನ್ನ ಹೆಂಡತಿ ಎದ್ದು ದೀಪ ಹಾಕಲಿಲ್ಲ. ಬಹಳ ಹೊತ್ತು ನಾವು ಕತ್ತಲಲ್ಲೇ ಕೂತಿದ್ದೆವು. ಆ ಕತ್ತಲಲ್ಲಿ ಮಗ ಹೇಳಿದ: “ಆ ಆಮೆ... ಒಂದು ಸಲ ನಾನೂ ಹಾಕಿದ್ದೆ.”

ಯಾರೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾಯಿ ಅವನ ತಲೆಯ ಮೇಲೆ ಕೈಯಿಟ್ಟು, “ನಾಳೆ ಅವರ ಮನೆಗೆ ಹೋಗಿ ಬಾ” ಎಂದರು. ಅವನು ಹೋಗಿ ಬಂದ. ಅಲ್ಲಿ ಏನು ಮಾತಾಯಿತೆಂದು ನನಗೆ ತಿಳಿಯದು. ಎರಡು ಭಾನುವಾರ ಕಳೆದ ಮೇಲೆ ಆ ಹುಡುಗ ನಮ್ಮ ಮನೆಗೆ ಬಂದಿದ್ದ. ತಡೆದು ತಡೆದು ಮಾತಾಡುವ ಅವನ ಒಂದೊಂದು ವಾಕ್ಯವನ್ನೂ ನನ್ನ ತಾಯಿ ಮುಗಿಯುವ ತನಕ ಕಾದು ಕೇಳಿದರು. ತಮಗೂ ಈಗ ಮಾತು ಸಿಕ್ಕುವುದು ತಡವೇ ಎಂದು ಅವನಿಗೆ ಹೇಳಿದರಂತೆ.

*

ನನ್ನ ವಿದ್ಯಾರ್ಥಿ ಕೇಳಿದ್ದು ಪಟ್ಟಿ. ‘ಶೋಗುನ್’, ‘ಪಂಚಾಯತ್’, ‘ಒಂದು ನೂರು ವರ್ಷಗಳ ಏಕಾಂತ’, ‘ಅಡಾಲೆಸೆನ್ಸ್’: ಇದು ಪಟ್ಟಿ. ಇವು ಲೋಕದಲ್ಲೇ ಉತ್ತಮವೆಂದು ನಾನು ಹೇಳುವುದಿಲ್ಲ. ಇವುಗಳಿಂದ ನಮ್ಮ ಮನೆಯ ನಾಲ್ವರು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಬೇಕಾಯಿತು. ದಾಟಿಸುವಾಗ ನಾವೆಷ್ಟು ದೂರದಲ್ಲಿದ್ದೆವೆಂಬುದು ಕಂಡಿತು. ನಾನು ಮೆಚ್ಚಿದ ಕಾರಣ ಇಷ್ಟೆ.

ಪಟ್ಟಿಯಲ್ಲಿ ಕನ್ನಡದ್ದೊಂದೂ ಇಲ್ಲವೇ ಎಂದು ಅವನು ಕೇಳಿದರೆ ತಲೆ ತಗ್ಗಿಸಬೇಕು. 1998ರಲ್ಲಿ ‘ಮಾಯಾಮೃಗ’ ಬರುತ್ತಿದ್ದಾಗ ನಮ್ಮ ವಿದ್ಯಾರ್ಥಿನಿಲಯದ ಹುಡುಗರೆಲ್ಲ ಹೊತ್ತಿಗೆ ಸರಿಯಾಗಿ ಪೆಟ್ಟಿಗೆಯ ಮುಂದೆ ಸೇರುತ್ತಿದ್ದೆವು. ಆ ಶಕ್ತಿ ನಮ್ಮಲ್ಲಿಲ್ಲದೆ ಹೋಗಿಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು ರಾತ್ರಿಯಿಡೀ ನಡೆಯುವ ನಾಟಕವಾಗಿಸಿದಾಗ ಜನ ಬೆಳಗಿನ ತನಕ ಕೂತು ನೋಡಿದರು. ಹದಿನಾರು ಕಂತು ಎಂದು ಮೊದಲೇ ಗೊತ್ತುಮಾಡಿಕೊಂಡು, ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿದು ಆರಂಭಿಸುವವರು ಬೇಕು. ಸಾವಿರ ಕಂತಿಗೆ ಎಳೆಯುವವರು ಸಾಕಷ್ಟಿದ್ದಾರೆ. ಅಂಥದೊಂದು ಬಂದ ದಿನ ನಮ್ಮ ಪಡಸಾಲೆಯಲ್ಲಿ ದುಭಾಷಿಯ ಕೆಲಸ ನನ್ನ ಮಗನಿಗಾಗಿ ನಡೆಯಬೇಕಾದೀತು. ಮಲೆನಾಡಿನ ಮಾತನ್ನು ಅಜ್ಜಿಯೇ ಅವನಿಗೆ ಬಿಡಿಸಿ ಹೇಳಿಯಾರು. ಅವರಿಗೆ ಮಾತುಗಳು ನೆನಪಿರುವಾಗಲೇ ಅದು ಬರಲೆಂದು ನನ್ನ ಆಸೆ.

ಮೊನ್ನೆ ಸಂಜೆ, ಆಟ ಮುಗಿಸಿ ತಡವಾಗಿ ಬರುತ್ತೇನೆಂದು ಮಗ ಸಂದೇಶ ಕಳಿಸಿದ. ಹೆಬ್ಬೆರಳಿನ ಚಿತ್ರದ ಮೇಲೆ ಇಳಿಯುತ್ತಿದ್ದ ಬೆರಳನ್ನು ತಡೆದು, “ಆಗಲಿ ಮಗು, ಜೋಪಾನವಾಗಿ ಬಾ, ಊಟಕ್ಕೆ ಕಾಯುತ್ತೇವೆ” ಎಂದು ಅಕ್ಷರ ಹುಡುಕಿ ಕನ್ನಡದಲ್ಲಿ ಬರೆದೆ. ತಕ್ಷಣವೇ ಉತ್ತರ ಬಂತು: ಯಾವುದೋ ಒಂದು ಚಿತ್ರ. ಕನ್ನಡಕ ಏರಿಸಿ ನೋಡಿದರೂ ಅರ್ಥವಾಗಲಿಲ್ಲ. ಊಟಕ್ಕೆ ಕೂತಾಗ ಅವನನ್ನೇ ಕೇಳಿ ತಿಳಿದುಕೊಂಡರಾಯಿತೆಂದು ಫೋನನ್ನು ಬುಟ್ಟಿಗೆ ಹಾಕಿದೆ.